ಪ್ಯಾಚ್ ಕಳಿಸಿ ಎರಡು ವಾರವಾಯಿತು, ಉತ್ತರವೇ ಇಲ್ಲ

ಲಿನಕ್ಸ್ ಕರ್ನಲ್‌ನ ಯಾವುದೋ ಡ್ರೈವರ್ ಓದುವಾಗ ಒಂದು ತಪ್ಪು ಕಣ್ಣಿಗೆ ಬೀಳುತ್ತದೆ. ಬಫರ್‌ಗೆ ಮೆಮೊರಿ ಪಡೆದಾಗಿದೆ. ಮುಂದಿನ ಹೆಜ್ಜೆ ವಿಫಲವಾದರೆ ಅದನ್ನು ಬಿಡುಗಡೆ ಮಾಡದೆಯೇ ಫಂಕ್ಷನ್ ಹಿಂದಿರುಗುತ್ತಿದೆ. ಎರಡು ಸಾಲು ಸೇರಿಸಿದರೆ ಸರಿಹೋಗುತ್ತದೆ. ಸೇರಿಸಿ, ಪರೀಕ್ಷಿಸಿ, ಪ್ಯಾಚ್ ಕಳಿಸುತ್ತೀರಿ. ಎರಡು ವಾರ ಕಳೆದರೂ ಹೂಂ ಇಲ್ಲ, ಉಹೂಂ ಇಲ್ಲ. ಎಷ್ಟೋ ಹೊಸಬರು ಇಲ್ಲೇ ಕೈಚೆಲ್ಲುತ್ತಾರೆ. ಕರ್ನಲ್ ಲೋಕದಲ್ಲಿ ಮೌನವೆಂದರೆ ತಿರಸ್ಕಾರವಲ್ಲ ಎಂದು ಅವರಿಗೆ ಯಾರೂ ಮೊದಲೇ ಹೇಳಿರುವುದಿಲ್ಲ.

ಮೊದಲು ನೋಡಬೇಕಾದದ್ದು, ಪ್ಯಾಚ್ ಯಾರ ಕೈಗೆ ಹೋಯಿತು ಎಂಬುದನ್ನು. ಕರ್ನಲ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಕುಳಿತು ಎಲ್ಲರ ಪ್ಯಾಚ್ ಓದುವುದಿಲ್ಲ. ಒಂದೊಂದು ಭಾಗಕ್ಕೂ ಮೇಂಟೇನರ್‌ಗಳಿದ್ದಾರೆ. ಅವರು ಒಪ್ಪಿ ಕೂಡಿಟ್ಟದ್ದು ಮೇಲಕ್ಕೆ ಹೋಗುತ್ತದೆ. ಸೋರ್ಸ್ ಕೋಡ್ ಜೊತೆಗೇ ಬರುವ 'ಮೇಂಟೇನರ್ಸ್' ಫೈಲಿನಲ್ಲಿ ಅವರ ವಿವರಗಳಿವೆ. 'ಗೆಟ್ ಮೇಂಟೇನರ್' ಸ್ಕ್ರಿಪ್ಟ್‌ಗೆ ನಿಮ್ಮ ಪ್ಯಾಚ್ ಕೊಟ್ಟರೆ ಯಾರಿಗೆ ಕಳಿಸಬೇಕೆಂದು ಪಟ್ಟಿಯನ್ನೇ ಕೊಡುತ್ತದೆ. ಆ ಫೈಲಿನಲ್ಲಿ ಸ್ಥಿತಿ ಹೇಳುವ ಸಾಲನ್ನೂ ಓದಿ. 'ಸಪೋರ್ಟೆಡ್' ಎಂದಿದ್ದರೆ ಅದನ್ನು ನೋಡಿಕೊಳ್ಳಲು ಸಂಬಳ ಪಡೆಯುವವರಿದ್ದಾರೆ. 'ಆರ್ಫನ್' ಎಂದಿದ್ದರೆ ಆ ಡ್ರೈವರ್ ಅನಾಥ, ಉತ್ತರಿಸುವವರೇ ಇಲ್ಲ. ಯಾರೂ ಸಿಗದಿದ್ದಾಗ ಕೊನೆಯ ಆಸರೆ ಹಿರಿಯ ಮೇಂಟೇನರ್ ಆಂಡ್ರ್ಯೂ ಮಾರ್ಟನ್ ಎಂದು ಕರ್ನಲ್ ದಾಖಲೆಯೇ ಹೇಳುತ್ತದೆ.

ಎರಡನೆಯದು ಕ್ಯಾಲೆಂಡರ್. ಹೊಸ ಆವೃತ್ತಿ ಒಂಬತ್ತು-ಹತ್ತು ವಾರಕ್ಕೊಮ್ಮೆ ಬರುತ್ತದೆ. ಅದರಲ್ಲಿ ಮೊದಲ ಎರಡು ವಾರ ಮರ್ಜ್ ವಿಂಡೋ. ಆಗ ಮೇಂಟೇನರ್‌ಗಳು ಕೂಡಿಟ್ಟದ್ದನ್ನು ಮೇಲಕ್ಕೆ ದಾಟಿಸುವ ಗಡಿಬಿಡಿಯಲ್ಲಿರುತ್ತಾರೆ. ನೆಟ್‌ವರ್ಕಿಂಗ್ ವಿಭಾಗವಂತೂ ಆ ದಿನಗಳಲ್ಲಿ ಹೊಸ ಸೌಲಭ್ಯಗಳ ಪ್ಯಾಚ್‌ಗಳಿಗೆ ಬಾಗಿಲನ್ನೇ ಮುಚ್ಚಿರುತ್ತದೆ.

ಕಳಿಸುವ ಬಗೆಯಲ್ಲೂ ಎಡವುವವರು ಬಹಳ. ಪ್ಯಾಚ್ ಸರಳ ಪಠ್ಯದ ಇ-ಮೇಲ್ ಆಗಿ ಹೋಗಬೇಕು, ಅಟ್ಯಾಚ್‌ಮೆಂಟ್ ಕೂಡದು. ಜಿಮೇಲ್‌ನ ವೆಬ್ ಪುಟದಲ್ಲಿ ಅಂಟಿಸಿ ಕಳಿಸಿದರೆ ಟ್ಯಾಬ್‌ಗಳು ಸ್ಪೇಸ್‌ಗಳಾಗುತ್ತವೆ, ಪ್ಯಾಚ್ ಕೂರುವುದೇ ಇಲ್ಲ. 'ಗಿಟ್ ಸೆಂಡ್-ಇಮೇಲ್' ಬಳಸಿ. ಮೊದಲು ನಿಮಗೆ ನೀವೇ ಕಳಿಸಿಕೊಂಡು, ಬಂದದ್ದನ್ನು 'ಗಿಟ್ ಎಎಮ್' ಮೂಲಕ ಹಚ್ಚಿ ನೋಡಿ. ಶೈಲಿಯ ತಪ್ಪುಗಳನ್ನು ಹಿಡಿಯುವ 'ಚೆಕ್‌ಪ್ಯಾಚ್' ಸ್ಕ್ರಿಪ್ಟ್ ಓಡಿಸಿ. ಈ ಅರ್ಧ ಗಂಟೆಯ ಕೆಲಸ ವಾರಗಟ್ಟಲೆ ಕಾಯುವುದನ್ನು ತಪ್ಪಿಸಬಲ್ಲದು.

ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಕೋಡಿಗಲ್ಲ, ಅದರ ಜೊತೆಗಿನ ವಿವರಣೆಗೆ. 'ಮೆಮೊರಿ ಸೋರಿಕೆ ಸರಿಪಡಿಸಿದೆ' ಎಂದಷ್ಟೇ ಬರೆದರೆ ಓದುವವರು ಇಡೀ ಫಂಕ್ಷನ್ ತೆರೆದು ತಾವೇ ಹುಡುಕಬೇಕು. ಬರೆಯುವುದು ಇಂಗ್ಲಿಷಿನಲ್ಲೇ ಆದರೂ ಸಾರ ಹೀಗಿರಲಿ: 'ಪ್ರೋಬ್ ಹಂತದಲ್ಲಿ ಇಂಟರಪ್ಟ್ ಸಿಗದಿದ್ದರೆ ಬಫರ್ ಬಿಡುಗಡೆಯಾಗುತ್ತಿಲ್ಲ. ಪ್ರೋಬ್ ಹೀಗೆ ವಿಫಲವಾದಾಗಲೆಲ್ಲ ಅಷ್ಟು ಮೆಮೊರಿ ಸೋರುತ್ತದೆ. ಹಿಂದಿರುಗುವ ಮೊದಲು ಬಫರ್ ಬಿಡುಗಡೆ ಮಾಡು.' ತಪ್ಪನ್ನು ಹೇಗೆ ಕಂಡಿರಿ, ಯಾವ ಯಂತ್ರದಲ್ಲಿ ಪರೀಕ್ಷಿಸಿದಿರಿ ಎಂಬುದನ್ನೂ ತಿಳಿಸಿ. ಕೆಳಗೆ 'ಫಿಕ್ಸಸ್' ಸಾಲಿನಲ್ಲಿ ತಪ್ಪು ಹುಟ್ಟಿದ ಕಮಿಟ್‌ನ ಗುರುತಿನ ಮೊದಲ 12 ಅಕ್ಷರ, ಆಮೇಲೆ ನಿಮ್ಮ ಹೆಸರಿನ 'ಸೈನ್ಡ್-ಆಫ್-ಬೈ'. ಈ ಕೋಡ್ ಕೊಡುವ ಹಕ್ಕು ನನಗಿದೆ ಎಂಬ ಪ್ರಮಾಣವದು, 2004ರಲ್ಲಿ ಜಾರಿಗೆ ಬಂತು.

ಸಣ್ಣ ಪ್ಯಾಚ್‌ಗೂ ಇಷ್ಟೊಂದು ವಿವರ ಯಾಕೆ? 2021ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಬೇಕೆಂದೇ ದೋಷವಿಟ್ಟ ಪ್ಯಾಚ್‌ಗಳನ್ನು ಕಳಿಸಿದ್ದ ವಿಷಯ ದೊಡ್ಡ ಗಲಾಟೆಯಾಯಿತು. ನೋಡಲು ಅವೂ ಪುಟ್ಟ ತಿದ್ದುಪಡಿಗಳೇ. ಅಲ್ಲಿಂದ ಬಂದಿದ್ದ ಹಳೆಯ ಪ್ಯಾಚ್‌ಗಳನ್ನೆಲ್ಲ ಮರುಪರಿಶೀಲಿಸಬೇಕಾಯಿತು. ಅಪರಿಚಿತರ ಎರಡು ಸಾಲಿನ ಪ್ಯಾಚನ್ನೂ ಮೇಂಟೇನರ್‌ಗಳು ಎಚ್ಚರದಿಂದ ನೋಡುವುದರಲ್ಲಿ ತಪ್ಪೇನಿಲ್ಲ.

ಉತ್ತರ ಬಂದರೆ ಪ್ರತಿಯೊಂದು ಟಿಪ್ಪಣಿಗೂ ಅದರ ಕೆಳಗೇ ಉತ್ತರಿಸಿ. ಒಪ್ಪದಿದ್ದರೆ ಕಾರಣ ಹೇಳಿ. ಅಂದೇ ಆತುರಪಟ್ಟು ಎರಡನೇ ಆವೃತ್ತಿ ಕಳಿಸಬೇಡಿ, ಬೇರೆಯವರೂ ಓದಲಿ. ಏನು ಬದಲಾಯಿತೆಂದು ಮೂರು ಅಡ್ಡಗೆರೆಗಳ ಕೆಳಗೆ ಬರೆಯಿರಿ. ಉತ್ತರವೇ ಬಾರದಿದ್ದರೆ ಕನಿಷ್ಠ ಒಂದು ವಾರ ಕಾದು ವಿನಯದಿಂದ ನೆನಪಿಸಿ. ಮರ್ಜ್ ವಿಂಡೋ ಇದ್ದರೆ ಅದು ಮುಗಿಯಲಿ. ಏನೂ ಬದಲಿಸದೆ ಮತ್ತೆ ಕಳಿಸುವುದಾದರೆ ವಿಷಯದ ಸಾಲಿನಲ್ಲಿ 'ರೀಸೆಂಡ್' ಎಂದಿರಲಿ. ಕಾಯುವುದು ಇಲ್ಲಿ ಹೊಸದೇನಲ್ಲ: ಕರ್ನಲ್‌ಗೆ ರಿಯಲ್-ಟೈಮ್ ಸಾಮರ್ಥ್ಯ ಕೊಡುವ 'ಪ್ರಿಎಂಪ್ಟ್ ಆರ್‌ಟಿ' ಕೆಲಸ ಪೂರ್ತಿಯಾಗಿ ಒಳಸೇರಲು ಸುಮಾರು 20 ವರ್ಷ ಹಿಡಿಯಿತು. 2024ರ 6.12 ಆವೃತ್ತಿಯಲ್ಲಿ ಸೇರಿತು.

ನಿಜವಾದ ಕೊರತೆ ಇರುವುದು ಬರೆಯುವವರದ್ದಲ್ಲ, ಓದಿ ನೋಡುವವರದ್ದು. ಆದ್ದರಿಂದ ಕಾಯುವ ವಾರಗಳನ್ನು ಸುಮ್ಮನೆ ಕಳೆಯಬೇಡಿ. ಅದೇ ಡ್ರೈವರ್‌ಗೆ ಬೇರೆ ಯಾರೋ ಕಳಿಸಿದ ಪ್ಯಾಚ್ ಹುಡುಕಿ, ನಿಮ್ಮ ಬಳಿಯ ಹಾರ್ಡ್‌ವೇರ್ ಮೇಲೆ ಓಡಿಸಿ, ಕೆಲಸ ಮಾಡಿದರೆ ನಿಮ್ಮ ಹೆಸರಿನ ಒಂದು 'ಟೆಸ್ಟೆಡ್-ಬೈ' ಸಾಲು ಕಳಿಸಿ. ನಿಮ್ಮಂತೆಯೇ ಅವರೂ ಉತ್ತರಕ್ಕಾಗಿ ಕಾಯುತ್ತಿದ್ದಾರೆ.