ಹತ್ತಿರ ಕಾಣದ ಕ್ಯಾಮರಾಕ್ಕೆ ಕನ್ನಡಿಯ ಡಬ್ಬಿ

ಹೊಸಪೇಟೆ: ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಲೇಪಿಸಿದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯನ್ನು ಸೆರೆಹಿಡಿದರು. ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ 1980ರ ದಶಕದಲ್ಲಿ ಅವೇ ತಾಣಗಳಲ್ಲಿ ನಿಂತು ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಗೋಪುರ, ಕಲ್ಲಿನ ರಥ, ಬಂಡೆಗುಡ್ಡಗಳ ಈ ದೂರದ ಹಂಪಿ ಲೆಕ್ಕವಿಲ್ಲದಷ್ಟು ಬಾರಿ ಚಿತ್ರವಾಗಿದೆ. ಅಂಗೈಯಗಲದ ಹಂಪಿಗೆ ಅಷ್ಟು ಭಾಗ್ಯ ಒದಗಿಲ್ಲ. ಬಿಸಿಲು ಮಳೆಗೆ ಸವೆಯುತ್ತಿರುವ ಶಾಸನಾಕ್ಷರ, ಬಂಡೆಗೆ ಅಂಟಿದ ಕಲ್ಲುಹೂವು, ಬೆರಳತುದಿಯಷ್ಟೇ ಇರುವ ವರಹ ನಾಣ್ಯ ಇವೆಲ್ಲ ಹತ್ತಿರ ಹೋದವರಿಗೆ ಮಾತ್ರ ಸಿಗುವಂಥವು.

ಹತ್ತಿರ ಹೋಗುವುದಕ್ಕೆ ಇಂದು ಮೊಬೈಲ್ ಫೋನು ಸಾಕು ಎನ್ನುವವರಿದ್ದಾರೆ. ಸ್ನೇಹಿತರಿಗೆ ಕಳುಹಿಸುವುದಷ್ಟೇ ಉದ್ದೇಶವಾದರೆ ಆ ಮಾತು ನಿಜವೂ ಹೌದು. ಆದರೆ ಕಪಾಟಿನಲ್ಲಿ ಹಳೆಯ ಲೈಕಾದಂತಹ ರೇಂಜ್‌ಫೈಂಡರ್ ಕ್ಯಾಮರಾ ಉಳಿಸಿಕೊಂಡವರು, ಫಿಲಂ ಮೋಹದಿಂದ ಅದನ್ನು ಮತ್ತೆ ಕೈಗೆತ್ತಿಕೊಂಡ ಯುವಕರು ಬೇರೊಂದು ತೊಡಕನ್ನು ಎದುರಿಸುತ್ತಾರೆ. ಇಷ್ಟು ಒಳ್ಳೆಯ ಲೆನ್ಸುಳ್ಳ ಕ್ಯಾಮರಾ ಒಂದು ಹೂವನ್ನೂ ತುಂಬಿಕೊಳ್ಳುವಷ್ಟು ಹತ್ತಿರ ಬರುವುದಿಲ್ಲವೇಕೆ?

ಕಾರಣ ಅದರ ರಚನೆಯಲ್ಲೇ ಇದೆ. ರೇಂಜ್‌ಫೈಂಡರ್ ಕ್ಯಾಮರಾದಲ್ಲಿ ಕಣ್ಣು ಲೆನ್ಸಿನ ಮೂಲಕ ನೋಡುವುದಿಲ್ಲ. ಮೇಲ್ಮೂಲೆಯ ಪುಟ್ಟ ಕಿಟಕಿಯ ಮೂಲಕ ನೋಡುತ್ತದೆ. ಎರಡು ಕಿಟಕಿಗಳಿಂದ ಬಂದ ಬಿಂಬಗಳು ಒಂದರ ಮೇಲೊಂದು ಕೂತಾಗ ಫೋಕಸ್ ಆಯಿತೆಂದು ತಿಳಿಯಬೇಕು. ವಸ್ತು ಹತ್ತಿರವಾದಂತೆ ಕಿಟಕಿ ಕಾಣುವುದೇ ಒಂದು, ಲೆನ್ಸು ಕಾಣುವುದೇ ಇನ್ನೊಂದು ಎಂಬಂತಾಗುತ್ತದೆ. ಹೀಗಾಗಿ 1954ರಲ್ಲಿ ಬಂದ ಪ್ರಸಿದ್ಧ ಲೈಕಾ ಎಂ3 ಕ್ಯಾಮರಾದ ಅಂದಿನ 50 ಮಿ.ಮೀ. ಲೆನ್ಸುಗಳು ಸಾಮಾನ್ಯವಾಗಿ ಒಂದು ಮೀಟರಿಗೇ ನಿಂತುಬಿಡುತ್ತಿದ್ದವು. ಆ ದೂರದಲ್ಲಿ ಚೌಕಟ್ಟಿನೊಳಗೆ ಬರುವುದು ಸುಮಾರು 65 ಸೆಂ.ಮೀ. ಅಗಲದ ನೋಟ. 27 ಮಿ.ಮೀ. ವ್ಯಾಸದ ಹತ್ತು ರೂಪಾಯಿ ನಾಣ್ಯ ಫಿಲಂ ಮೇಲೆ ಒಂದೂವರೆ ಮಿಲಿಮೀಟರಿನ ಚುಕ್ಕೆಯಾಗಿ ಕೂರುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದೇ ರಿಫ್ಲೆಕ್ಸ್ ಹೌಸಿಂಗ್, ಅಂದರೆ ಲೆನ್ಸಿಗೂ ಕ್ಯಾಮರಾಕ್ಕೂ ನಡುವೆ ಸಿಕ್ಕಿಸುವ ಕನ್ನಡಿಯ ಡಬ್ಬಿ. ಲೆನ್ಸಿನಿಂದ ಬಂದ ಬೆಳಕನ್ನು ಒಳಗಿನ ಓರೆಗನ್ನಡಿಯು ಮೇಲಿನ ಮಸುಕು ಗಾಜಿಗೆ ತಿರುಗಿಸುತ್ತದೆ. ಗಾಜಿನ ಮೇಲೆ ಕಂಡದ್ದೇ ಚಿತ್ರ. ಚಿತ್ರ ತೆಗೆಯುವ ಕ್ಷಣದಲ್ಲಿ ಕನ್ನಡಿ ಮೇಲೆದ್ದು ದಾರಿ ಬಿಡುತ್ತದೆ. ಜರ್ಮನಿಯ ಲೈಟ್ಸ್ ಸಂಸ್ಥೆ 1935ರಲ್ಲಿ ‘ಪ್ಲೂಟ್’ ಎಂಬ ಸಂಕೇತನಾಮದಲ್ಲಿ ಇಂತಹ ಮೊದಲ ಡಬ್ಬಿಯನ್ನು ತಂದಾಗ ಅದರ ಜೊತೆಗೆ ಬಂದದ್ದು 200 ಮಿ.ಮೀ. ದೂರದರ್ಶಕ ಲೆನ್ಸು ಎಂಬುದು ಸ್ವಾರಸ್ಯದ ಸಂಗತಿ. ಹತ್ತಿರದ ಚಿತ್ರಕ್ಕೆ ಇಷ್ಟು ಅನುಕೂಲವಾದ ಸಾಧನ ದೂರದ ವಸ್ತುಗಳ ನೆಪದಲ್ಲಿ ಬಂತು. 1951ರಲ್ಲಿ ‘ವಿಸೋಫ್ಲೆಕ್ಸ್’ ಬಂತು. 1960ರ ಹೊತ್ತಿಗೆ ಅದರ ತೆಳುವಾದ ಎರಡನೇ ಆವೃತ್ತಿ, ಬಳಿಕ ಮೂರನೆಯದು. 1984ರವರೆಗೂ ಇವು ತಯಾರಾದವು. ನಿಕಾನ್, ಕ್ಯಾನನ್ ಸಂಸ್ಥೆಗಳೂ ತಮ್ಮ ರೇಂಜ್‌ಫೈಂಡರುಗಳಿಗೆ ಇಂತಹವನ್ನೇ ಮಾಡಿದ್ದವು. ನಿಕಾನ್ ಅಂತೂ 1959ರಲ್ಲಿ ತನ್ನ ರೇಂಜ್‌ಫೈಂಡರಿನ ಒಡಲಿಗೇ ಕನ್ನಡಿಯನ್ನು ಸೇರಿಸಿ ‘ನಿಕಾನ್ ಎಫ್’ ಹೊರತಂದಿತು. ಡಬ್ಬಿಗಳ ಕಾಲ ಮುಗಿಯಲು ಆರಂಭವಾದದ್ದು ಅಲ್ಲಿಂದ.

ದಪ್ಪವೇ ಲಾಭ

ಡಬ್ಬಿಯ ದಪ್ಪ ಮೇಲುನೋಟಕ್ಕೆ ದೋಷ. ವಿಸೋಫ್ಲೆಕ್ಸ್ ಎರಡು ಮತ್ತು ಮೂರು ಸುಮಾರು 40 ಮಿ.ಮೀ. ದಪ್ಪವಿರುವುದರಿಂದ ಲೆನ್ಸು ಫಿಲಂನಿಂದ ಅಷ್ಟು ಮುಂದೆ ಸರಿಯುತ್ತದೆ. ಸಾಮಾನ್ಯ 50 ಮಿ.ಮೀ. ಲೆನ್ಸಿಗೆ ಆಗ ಮಾತಂಗ ಬೆಟ್ಟವೂ ಕಾಣದು, ಎದುರು ಕುಳಿತವರ ಮುಖವೂ ಕಾಣದು. ಆದರೆ ಹತ್ತಿರದ ಚಿತ್ರಕ್ಕೆ ಬೇಕಾದದ್ದು ಇದೇ. ಲೆನ್ಸು ಮುಂದೆ ಸರಿದ ಅಂತರವನ್ನು ಅದರ ಫೋಕಲ್ ದೂರದಿಂದ ಭಾಗಿಸಿದರೆ ಬರುವುದೇ ಬಿಂಬದ ಗಾತ್ರ. 40 ಭಾಗ 50 ಎಂದರೆ 0.8. ವಸ್ತುವಿನ ಹತ್ತರಲ್ಲಿ ಎಂಟು ಪಾಲು ಗಾತ್ರದ ಬಿಂಬ ಫಿಲಂ ಮೇಲೆ ಮೂಡುತ್ತದೆ. ಚೌಕಟ್ಟು 45×30 ಮಿ.ಮೀ.ಗೆ ಇಳಿಯುತ್ತದೆ. ಚುಕ್ಕೆಯಾಗಿದ್ದ ಹತ್ತು ರೂಪಾಯಿ ನಾಣ್ಯ ಈಗ ಚೌಕಟ್ಟನ್ನು ಮೇಲಿಂದ ಕೆಳಗೆ ಬಹುತೇಕ ತುಂಬುತ್ತದೆ.

ಆದರೆ ಆಗ ಲೆನ್ಸಿಗೂ ವಸ್ತುವಿಗೂ ಉಳಿಯುವುದು 11 ಸೆಂ.ಮೀ. ಆಸುಪಾಸಿನ ಅಂತರ. ನಾಣ್ಯ ಓಡಿಹೋಗುವುದಿಲ್ಲ, ಕೀಟ ಓಡಿಹೋಗುತ್ತದೆ. ಕಂಪ್ಲಿಯ ಕಾಲುವೆ ಬದಿಯ ಗದ್ದೆಯಲ್ಲಿ ಭತ್ತದ ತೆನೆಯ ಮೇಲೆ ಕುಳಿತ ಏರೋಪ್ಲೇನ್ ಚಿಟ್ಟೆಯನ್ನು ಹಿಡಿಯಬೇಕೆನ್ನುವವರಿಗೆ 90 ಅಥವಾ 135 ಮಿ.ಮೀ. ಲೆನ್ಸೇ ಸರಿ. 90ರಲ್ಲಿ ಸುಮಾರು 29 ಸೆಂ.ಮೀ., 135ರಲ್ಲಿ ಸುಮಾರು 59 ಸೆಂ.ಮೀ. ದೂರ ನಿಂತು ತೆಗೆಯಬಹುದು. ಬಿಂಬದ ಗಾತ್ರ ಕ್ರಮವಾಗಿ 0.44 ಮತ್ತು 0.3ಕ್ಕೆ ಇಳಿಯುತ್ತದೆ ಎಂಬುದು ಅದಕ್ಕೆ ತೆರಬೇಕಾದ ಬೆಲೆ. ಇನ್ನೂ ದೊಡ್ಡದು ಬೇಕಾದವರು ಡಬ್ಬಿಯ ಮುಂದೆ ತಿದಿಯಂತೆ ಹಿಗ್ಗುವ ಬೆಲ್ಲೋಸ್ ಸೇರಿಸುತ್ತಾರೆ. ಮೂರ್ನಾಲ್ಕು ಮಿಲಿಮೀಟರಿನ ಕಂದು ಜಿಗಿಹುಳುವಿನ ರೆಕ್ಕೆಯನ್ನು ಗುರುತಿಸಬೇಕಾದರೆ ಬೆಲ್ಲೋಸ್ ಇಲ್ಲದೆ ಆಗದು. 35 ಮಿ.ಮೀ. ಮತ್ತು ಅದಕ್ಕಿಂತ ಅಗಲ ನೋಟದ ಲೆನ್ಸುಗಳನ್ನು ಈ ಕೆಲಸಕ್ಕೆ ಹಚ್ಚುವುದು ವ್ಯರ್ಥ. ಲೆನ್ಸಿನ ನೆರಳೇ ವಸ್ತುವಿನ ಮೇಲೆ ಬೀಳುತ್ತದೆ.

ಶಾಸನಾಕ್ಷರಗಳಿಗೆ 135 ಮಿ.ಮೀ. ಲೆನ್ಸು ಹೇಳಿಮಾಡಿಸಿದಂತಿದೆ. ಅದರ ಚೌಕಟ್ಟು ಸುಮಾರು 12×8 ಸೆಂ.ಮೀ.; ಕೆಲವು ಅಕ್ಷರಗಳು ಒಟ್ಟಿಗೆ ಬರುತ್ತವೆ. ನಡುಹಗಲಿನ ಬೆಳಕಿನಲ್ಲಿ ಸವೆದ ಅಕ್ಷರ ಕಾಣಿಸುವುದೇ ಇಲ್ಲ. ಬೆಳಗಿನ ಅಥವಾ ಇಳಿಹೊತ್ತಿನ ಓರೆಬೆಳಕು ಗೆರೆಯೊಳಗೆ ನೆರಳು ತುಂಬಿದಾಗ ಕಣ್ಣಿಗೆ ತಪ್ಪಿದ ಒತ್ತಕ್ಷರವೂ ಚಿತ್ರದಲ್ಲಿ ಎದ್ದು ಬರುತ್ತದೆ. ಅಕ್ಷರ ಕಾಣಲೆಂದು ಕಲ್ಲನ್ನು ಒದ್ದೆ ಮಾಡುವುದು, ಸೀಮೆಸುಣ್ಣ ಬಳಿಯುವುದು ಅಕ್ಷಮ್ಯ. ಸ್ಮಾರಕಗಳ ಆವರಣದಲ್ಲಿ ಟ್ರೈಪಾಡ್ ಹೂಡಲು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಪೂರ್ವಾನುಮತಿ ಪಡೆಯಬೇಕು ಎಂಬುದೂ ನೆನಪಿನಲ್ಲಿರಲಿ.

ಸಂಡೂರಿನಲ್ಲಿ ಕೆಲಸ ಇನ್ನೂ ಸಲೀಸು. ಅಲ್ಲಿನ ಕಬ್ಬಿಣದ ಅದಿರಿನ ಕಲ್ಲುಗಳಲ್ಲಿ ಕಪ್ಪು, ಕೆಂಪು ಪಟ್ಟಿಗಳು ಮಿಲಿಮೀಟರ್ ಲೆಕ್ಕದಲ್ಲಿ ಒಂದರ ಮೇಲೊಂದು ಕೂತಿರುತ್ತವೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಸಂಡೂರಿನ ಲಂಬಾಣಿ ಕಸೂತಿಯ 1,755 ವಸ್ತುಗಳ ಪ್ರದರ್ಶನ 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ ಗಿನ್ನೆಸ್ ದಾಖಲೆ ಸೇರಿತು. ಆದರೆ ಒಂದು ಹೊಲಿಗೆಯ ಮೇಲೆ ಇನ್ನೊಂದು ಹೇಗೆ ಹಾದುಹೋಗುತ್ತದೆ ಎಂಬುದನ್ನು ಪ್ರದರ್ಶನದ ಚಿತ್ರಗಳು ತೋರಿಸಲಾರವು. 50 ಮಿ.ಮೀ. ಲೆನ್ಸು, ಈ ಡಬ್ಬಿ, ಕಿಟಕಿಯ ಬೆಳಕು ಇಷ್ಟಿದ್ದರೆ ತೋರಿಸಬಹುದು. ಹೊಲಿಗೆ ಕಲಿಯುವವರಿಗೆ ಅದು ಪಾಠವೇ ಆಗುತ್ತದೆ.

ಕೈಯ ಲೆಕ್ಕ

ಈ ಸಾಧನದಲ್ಲಿ ಯಾವುದೂ ತಾನಾಗಿ ಆಗುವುದಿಲ್ಲ. ಲೆನ್ಸಿನ ದ್ವಾರವನ್ನು ಪೂರ್ತಿ ತೆರೆದು ಫೋಕಸ್ ಮಾಡಬೇಕು. ಬಳಿಕ ಕೈಯಿಂದಲೇ ಕಿರಿದಾಗಿಸಬೇಕು. ಅದನ್ನು ಮರೆತರೆ ಚಿತ್ರ ಬಿಳುಚಿಕೊಳ್ಳುತ್ತದೆ. ಬೆಳಕಿನ ಲೆಕ್ಕವೂ ಬೇರೆ. ಬಿಂಬದ ಗಾತ್ರಕ್ಕೆ ಒಂದನ್ನು ಕೂಡಿಸಿ, ಬಂದದ್ದನ್ನು ಅದರಿಂದಲೇ ಗುಣಿಸಬೇಕು. 0.8ರಲ್ಲಿ 1.8×1.8, ಅಂದರೆ ಕೈಮಾಪಕ ಹೇಳಿದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಬೆಳಕು ಕೊಡಬೇಕು. ಸ್ಪಷ್ಟವಾಗಿ ಕಾಣುವ ಆಳವಾದರೋ ಎಫ್-8ರಲ್ಲಿ ಒಂದೂವರೆ ಮಿಲಿಮೀಟರಿಗೂ ಕಡಿಮೆ. ಹಾಗೆಂದು ದ್ವಾರವನ್ನು ಎಫ್-16ಕ್ಕಿಂತ ಕಿರಿದಾಗಿಸಿದರೆ ಚಿತ್ರವೇ ಮಂಕಾಗುತ್ತದೆ.

ಡಬ್ಬಿಯ ಪಕ್ಕದ ತೋಳು ಮೊದಲು ಕನ್ನಡಿಯನ್ನು ಎತ್ತಿ, ನಂತರ ಕ್ಯಾಮರಾದ ಗುಂಡಿಯನ್ನು ಒತ್ತುತ್ತದೆ. ತೋಳಿನ ಎತ್ತರ ಸರಿಹೊಂದದಿದ್ದರೆ ಕನ್ನಡಿ ಪೂರ್ತಿ ಏಳುವ ಮೊದಲೇ ಶಟರ್ ತೆರೆದು ಚಿತ್ರದ ಒಂದು ಪಾಲು ಕಪ್ಪಾಗುತ್ತದೆ. ಫಿಲಂ ಹಾಕುವ ಮೊದಲು, ಹಿಂಬಾಗಿಲು ತೆರೆದು ಇದನ್ನು ಪರೀಕ್ಷಿಸಿಕೊಳ್ಳುವುದು ಲೇಸು. ಮೇಲಿನಿಂದ ಬಗ್ಗಿ ನೋಡುವ ಭೂತಗನ್ನಡಿಯಲ್ಲಿ ಎಡಬಲ ಅದಲುಬದಲಾಗಿರುತ್ತದೆ. ನೆಲಮಟ್ಟದ ಹೂವಿಗೆ ಮಾತ್ರ ಅದರಷ್ಟು ಹಿತವಾದದ್ದು ಇನ್ನೊಂದಿಲ್ಲ.

ಕೊಳ್ಳುವವರಿಗೂ ಒಂದೆರಡು ಮಾತು. ಲೆನ್ಸು ಕಳಚಲು ಬಾರದ ಯಾಶಿಕಾ ಎಲೆಕ್ಟ್ರೋ 35ರಂತಹ ಕ್ಯಾಮರಾಗಳಿಗೆ ಈ ಡಬ್ಬಿ ಹೊಂದುವುದಿಲ್ಲ. ಲೈಕಾದ ತಿರುಪು ಮಾದರಿಗೆ ಬೇರೆ, ಎಂ ಮಾದರಿಗೆ ಬೇರೆ ಡಬ್ಬಿಗಳಿವೆ. ತಮ್ಮದೇ ಕ್ಯಾಮರಾಕ್ಕೆ ಕೂರಿಸಿ ನೋಡಿದ ಮೇಲಷ್ಟೇ ಹಣ ಕೊಡಬೇಕು. 2012ರಲ್ಲಿ ಪ್ರಕಟವಾದ ಡಿಜಿಟಲ್ ಲೈಕಾ ಎಂ ಹಿಂಬದಿಯ ಪರದೆಯಲ್ಲೇ ಲೆನ್ಸಿನ ನೋಟವನ್ನು ತೋರಿಸುತ್ತದೆ. ಅಂತಹ ಕ್ಯಾಮರಾ ಉಳ್ಳವರಿಗೆ ಕನ್ನಡಿಯ ಅಗತ್ಯವಿಲ್ಲ. ಲೆನ್ಸನ್ನು ಮುಂದೆ ಸರಿಸುವ ಬಳೆ ಸಾಕು. ಅಲ್ಲದೆ ಲೈಕಾ ಸಂಸ್ಥೆ ಈಚಿನ ವರ್ಷಗಳಲ್ಲಿ ತನ್ನ ಎಲೆಕ್ಟ್ರಾನಿಕ್ ವ್ಯೂಫೈಂಡರುಗಳಿಗೂ ‘ವಿಸೋಫ್ಲೆಕ್ಸ್’ ಎಂದೇ ಹೆಸರಿಟ್ಟಿದೆ. ಅವುಗಳಲ್ಲಿ ಕನ್ನಡಿಯೂ ಇಲ್ಲ, 40 ಮಿಲಿಮೀಟರಿನ ದಪ್ಪವೂ ಇಲ್ಲ. ಹಳೆಯ ಫಿಲಂ ಕ್ಯಾಮರಾಕ್ಕೆ ಅವು ಯಾವ ಉಪಯೋಗಕ್ಕೂ ಬಾರವು.