ಕಡಲ ಬ್ಯಾಕ್ಟೀರಿಯಾದಲ್ಲಿ ಕ್ಯಾನ್ಸರ್‌ಗೆ ಮದ್ದು ಸಿಕ್ಕಿತೇ?

"ಸಮುದ್ರದ ಬ್ಯಾಕ್ಟೀರಿಯಾ ಕ್ಯಾನ್ಸರ್ ಕೊಲ್ಲುತ್ತದೆ, ಎಲ್ಲರಿಗೂ ಕಳಿಸಿ" ಎಂಬಂಥ ಸಂದೇಶ ನಿಮ್ಮ ವಾಟ್ಸ್‌ಆಪ್‌ಗೂ ಬಂದಿರಬಹುದು. ಇದು ಪೂರ್ತಿ ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ.

ಕಡಲಿನಿಂದ ಮದ್ದು ಸಿಗುವುದು ಹೊಸದೇನಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಕಡಲಿಲ್ಲ. ಹಡಗಲಿಯ ಹೆಸರಿನಲ್ಲಿ ಹಡಗಿದೆ, ಅಷ್ಟೇ. ಆದರೆ ಅಲ್ಲಿಯೂ ವೈದ್ಯರು ಬರೆದುಕೊಡುವ ಸೆಫಿಕ್ಸಿಮ್ ಮಾತ್ರೆ, ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್‌ಗಳ ಮೂಲ ಇಟಲಿಯ ಸಾರ್ಡಿನಿಯಾ ದ್ವೀಪದ ಕಡಲತೀರ. 1945ರಲ್ಲಿ ಜುಸೆಪ್ಪೆ ಬ್ರೋಟ್ಜು ಎಂಬ ವಿಜ್ಞಾನಿಗೆ ಚರಂಡಿ ಸಮುದ್ರ ಸೇರುವ ಜಾಗದ ನೀರಿನಲ್ಲಿ ಒಂದು ಶಿಲೀಂಧ್ರ ಸಿಕ್ಕಿತು. ಅದು ಟೈಫಾಯ್ಡ್ ರೋಗಾಣುವನ್ನು ತಡೆಯುತ್ತಿತ್ತು. ಆ ಗುಂಪಿನ ಮೊದಲ ಔಷಧಿ ಮಾರುಕಟ್ಟೆಗೆ ಬಂದದ್ದು 1964ರಲ್ಲಿ!

ಬ್ಯಾಕ್ಟೀರಿಯಾಗಳ ಹುಡುಕಾಟವೂ ಹೀಗೇ ನಿಧಾನ. ಕಡಲ ತಳದ ಕೆಸರು ತಂದು, ಉಪ್ಪುನೀರು ಬೆರೆಸಿದ ಆಹಾರದ ಮೇಲೆ ಪ್ರಯೋಗಾಲಯದ ತಟ್ಟೆಯಲ್ಲಿ ಅವನ್ನು ಬೆಳೆಸುತ್ತಾರೆ. ಒಂದೊಂದರ ಸಾರ ತೆಗೆದು ರೋಗಾಣುಗಳ ಮೇಲೋ ಕ್ಯಾನ್ಸರ್ ಕೋಶಗಳ ಮೇಲೋ ಹಾಕಿ ನೋಡುತ್ತಾರೆ. ಕೋಶ ಸತ್ತರೆ ಅದೊಂದು ಸುಳಿವು, ಮದ್ದಲ್ಲ. ತಟ್ಟೆಯಲ್ಲಿರುವ ಕೋಶ ಕೊಲ್ಲಲು ಬ್ಲೀಚಿಂಗ್ ಪೌಡರ್ ಕೂಡ ಸಾಕು. ಸಿಕ್ಕಿದ್ದು ಹಳೆಯ ವಸ್ತುವೇ, ಆರೋಗ್ಯವಂತ ಕೋಶಗಳನ್ನೂ ಕೊಲ್ಲುತ್ತದೆಯೇ ಎಂದು ತಿಳಿಯಬೇಕು. ಆಮೇಲೆ ಪ್ರಾಣಿಗಳು, ಕೊನೆಗೆ ಮನುಷ್ಯರು.

ಈ ದಾರಿಯಲ್ಲಿ ಬಹುದೂರ ಬಂದದ್ದು ಸ್ಯಾಲಿನಿಸ್ಪೋರಾ ಎಂಬ ಬ್ಯಾಕ್ಟೀರಿಯಾ. ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ವಿಲಿಯಂ ಫೆನಿಕಲ್, ಪಾಲ್ ಜೆನ್ಸನ್ ತಂಡಕ್ಕೆ ಇದು ಬಹಾಮಾಸ್ ದ್ವೀಪಗಳ ಬಳಿಯ ಕಡಲ ಕೆಸರಿನಲ್ಲಿ ಸಿಕ್ಕಿತು. ಇದರಿಂದ ಬೇರ್ಪಡಿಸಿದ ಮ್ಯಾರಿಜೊಮಿಬ್ ಎಂಬ ವಸ್ತುವಿನ ವಿವರ 2003ರಲ್ಲಿ ಪ್ರಕಟವಾಯಿತು. ಜೀವಕೋಶದೊಳಗೆ ಹಳೆಯ ಪ್ರೋಟೀನ್‌ಗಳನ್ನು ಚೂರು ಮಾಡುವ ಯಂತ್ರವೊಂದಿದೆ. ಇದು ಅದನ್ನು ನಿಲ್ಲಿಸುತ್ತದೆ. ಕಸ ತುಂಬಿ ಕ್ಯಾನ್ಸರ್ ಕೋಶ ಸಾಯುತ್ತದೆ. ಕೇಳಲು ಅದ್ಭುತ. ಆದರೆ ಮಿದುಳಿನ ಗ್ಲಿಯೋಬ್ಲಾಸ್ಟೋಮಾ ಗಡ್ಡೆಯಿದ್ದ 700ಕ್ಕೂ ಹೆಚ್ಚು ರೋಗಿಗಳ ಮೇಲಿನ ಪರೀಕ್ಷೆಯಲ್ಲಿ, ಮಾಮೂಲಿ ಚಿಕಿತ್ಸೆಯ ಜೊತೆ ಇದನ್ನು ಕೊಟ್ಟರೂ ಆಯಸ್ಸು ಹೆಚ್ಚಲಿಲ್ಲ. ಅಡ್ಡಪರಿಣಾಮಗಳು ಹೆಚ್ಚಿದವು. ಫಾರ್ವರ್ಡ್‌ಗಳು ಬಿಟ್ಟುಬಿಡುವುದು ಈ ಭಾಗವನ್ನೇ.

ಗಡ್ಡೆ ಇದೆ ಎಂದು ಗೊತ್ತಾದವರು ಇಂಥ ಸುದ್ದಿ ನಂಬಿ ಕೀಮೋ ಮುಂದೂಡಿದರೆ ಕಳೆದ ತಿಂಗಳುಗಳು ಮರಳಿ ಬರುವುದಿಲ್ಲ. ಸಂದೇಶ ಬಂದಾಗ ಮೊದಲು ಕೇಳಿ: ಪ್ರಯೋಗ ನಡೆದದ್ದು ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ? ಉತ್ತರ ಅದರಲ್ಲಿ ಇಲ್ಲದಿದ್ದರೆ ಕಳಿಸಬೇಡಿ.

ಅಂದಹಾಗೆ, ಕಡಲ ಸ್ಪಂಜು ಕೊಟ್ಟ ಸುಳಿವಿನಿಂದ ಬಂದ ಸೈಟರಾಬಿನ್ 1969ರಿಂದ ರಕ್ತದ ಕ್ಯಾನ್ಸರ್‌ಗೆ ಬಳಕೆಯಲ್ಲಿದೆ. ತಯಾರಾಗುವುದು ಕಾರ್ಖಾನೆಯಲ್ಲಿ. ಸಮುದ್ರದ ನೀರು ಕುಡಿದರೆ ಸಿಗುವುದು ವಾಂತಿ, ಭೇದಿ ಮಾತ್ರ.