ತೊಟ್ಟಿಗೆ ಗಪ್ಪಿ ಮೀನು

ರಾಯದುರ್ಗ, ಮಡಕಶಿರ ಸೀಮೆಯಲ್ಲಿ ನೀರಿಗೆ ಬರ; ಆದ್ದರಿಂದ ನಾವು ತೊಟ್ಟಿ ತುಂಬಿಸಿಡುತ್ತೇವೆ. ಆ ತಿಳಿನೀರಿನಲ್ಲೇ ಡೆಂಗೆ ಸೊಳ್ಳೆ ಮೊಟ್ಟೆಯಿಡುತ್ತದೆ. ವಾರ ಹತ್ತು ದಿನಗಳಲ್ಲಿ ಮರಿಗಳು ಸೊಳ್ಳೆಯಾಗಿ ಹಾರುತ್ತವೆ. ಗಪ್ಪಿ ಮೀನು ಈ ಮರಿಗಳನ್ನು ತಿನ್ನುತ್ತದೆ. 1990ರ ದಶಕದಲ್ಲಿ ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಲಿನ ಬಾವಿಗಳಿಗೆ ಇಂಥ ಮೀನು ಬಿಟ್ಟು ಮಲೇರಿಯಾ ತಗ್ಗಿಸಿದರು.

ದನ ಕುಡಿಯುವ, ಬಟ್ಟೆ ಒಗೆಯುವ ತೊಟ್ಟಿಗೆ ಚದರ ಮೀಟರಿಗೆ 5ರಿಂದ 10 ಮೀನು ಸಾಕು. ತೊಟ್ಟಿ ತೊಳೆಯುವಾಗ ಹಳೆಯ ನೀರಿನೊಡನೆ ಮೀನುಗಳನ್ನು ಬಕೆಟ್ಟಿಗೆ ತೆಗೆದಿಡಿರಿ. ಬ್ಲೀಚಿಂಗ್ ಪುಡಿ ಹಾಕಬೇಡಿರಿ. ಬೆಳೆಗೆ ಔಷಧಿ ಹೊಡೆದ ಸ್ಪ್ರೇಯರನ್ನು ಅಲ್ಲಿ ತೊಳೆದರೆ ಮೀನು ಸಾಯುತ್ತದೆ, ದನಕ್ಕೂ ವಿಷ. ಗಪ್ಪಿ ಹೊರದೇಶದ ಮೀನು, ಕೆರೆಗೆ ಬಿಡಬಾರದು. ಕುಡಿಯುವ ನೀರಿಗೆ ಭದ್ರವಾದ ಮುಚ್ಚಳವೇ ಮದ್ದು. ಜ್ವರ ಬಂದರೆ ತಡಮಾಡದೆ ರಕ್ತಪರೀಕ್ಷೆ ಮಾಡಿಸೋಣ.